ಬಂದಿಯ ಮನೆಗೆ ದಿಕ್ಕು ಯಾರು?

ತಿ. ನರಸೀಪುರ, ನಂಜನಗೂಡು ಸೀಮೆಯ ಹೆಮ್ಮಿಗೆಯಂಥ ಊರಿನಿಂದ ಮೈಸೂರಿನ ಕೇಂದ್ರ ಕಾರಾಗೃಹಕ್ಕೆ ಹೋಗಿಬರಲು ಹೆಂಗಸರಿಗೆ ಈಗ ಬಸ್ ಚಾರ್ಜು ಬೇಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆಧಾರ್ ಕಾರ್ಡು ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಪುಕ್ಕಟೆ. ಗಂಡನೋ ಮಗನೋ ಒಳಗಿರುವ ಮನೆಗೆ ಇದು ಸಣ್ಣ ಉಪಕಾರವಲ್ಲ. ಆದರೆ ಟಿಕೆಟ್ಟಿನ ದುಡ್ಡು ಉಳಿದರೂ ಅವತ್ತಿನ ಕೂಲಿ ಉಳಿಯುವುದಿಲ್ಲ. ಬೆಳಿಗ್ಗೆ ಮಕ್ಕಳಿಗೆ ಏನಾದರೂ ಬೇಯಿಸಿಟ್ಟು ಹೊರಟವಳು ಗೇಟಿನ ಮುಂದೆ ಹೆಸರು ಬರೆಸಬೇಕು, ಸರದಿ ಕಾಯಬೇಕು, ಸುತ್ತ ಹತ್ತಾರು ಜನ ಒಟ್ಟಿಗೆ ಕೂಗಾಡುವ ಗದ್ದಲದಲ್ಲಿ ಕೆಲವೇ ನಿಮಿಷ ಮಾತಾಡಬೇಕು. ಆ ಮಾತಿನಲ್ಲಿ ಅರ್ಧ ವಕೀಲರ ಫೀಸಿನದು, ಇನ್ನರ್ಧ ಮುಂದಿನ ವಾಯಿದೆ ಯಾವತ್ತು ಅನ್ನುವುದು. ಮಕ್ಕಳ ಸುದ್ದಿ ಹೇಳುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಅವಳ ಮೇಲೆ ಯಾವ ಕೇಸೂ ಇಲ್ಲ. ಆದರೂ ಶಿಕ್ಷೆಯ ಒಂದು ಪಾಲು ಅವಳ ಮನೆಯಲ್ಲಿ ನಡೆಯುತ್ತಿದೆ. ಕೈದಿಗಳಿಗೆ ನೆರವಾಗಬೇಕೆಂಬ ಒಳ್ಳೆಯ ಮನಸ್ಸು ನಮ್ಮ ಸಮಾಜದಲ್ಲಿ ಇದೆ, ಆದರೆ ಅದು ಬಹುಪಾಲು ಜೈಲಿನ ಗೇಟಿನ ಕಡೆಗೇ ಹರಿಯುತ್ತದೆ. ಅದು ಮೊದಲು ಹರಿಯಬೇಕಾದದ್ದು ಬಂದಿಯ ಊರಿಗೆ, ಅವನ ಮನೆಯ ಜಗುಲಿಗೆ. ಸೆರೆ ಚಿಕ್ಕದಾಗುವುದೂ, ಬಿಡುಗಡೆಯಾದವನು ಮತ್ತೆ ಒಳಗೆ ಹೋಗದಿರುವುದೂ, ಮಕ್ಕಳು ಸ್ಕೂಲು ಬಿಡದಿರುವುದೂ ಹೆಚ್ಚಾಗಿ ಅಲ್ಲಿ ತೀರ್ಮಾನವಾಗುತ್ತವೆ.

ಒಳಗಿರುವವರು ಯಾರು ಅನ್ನುವುದನ್ನು ಮೊದಲು ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಯಲ್ಲಿ ದೇಶದ 1,330 ಜೈಲುಗಳಲ್ಲಿ 5,73,220 ಜನ ಇದ್ದರು. ಆ ಜೈಲುಗಳಲ್ಲಿ ಜಾಗ ಇದ್ದದ್ದು 4,36,266 ಜನಕ್ಕೆ. ಒಳಗಿದ್ದವರಲ್ಲಿ 4,34,302 ಜನ, ಅಂದರೆ ನೂರಕ್ಕೆ ಸುಮಾರು 76 ಮಂದಿ, ವಿಚಾರಣಾಧೀನರು. ನ್ಯಾಯಾಲಯ ಇನ್ನೂ ತಪ್ಪಿತಸ್ಥರೆಂದು ಹೇಳದವರು. ಒಳಗಿರುವ ಮೂವರಲ್ಲಿ ಸುಮಾರು ಇಬ್ಬರು ಓದುಬರಹ ಇಲ್ಲದವರು ಇಲ್ಲವೇ ಹತ್ತನೆಯ ತರಗತಿ ಮುಟ್ಟದವರು. ‘ಕೈದಿ’ ಅಂದಕೂಡಲೇ ನಮ್ಮ ಕಣ್ಣಿಗೆ ಬರುವ ಚಿತ್ರಕ್ಕೂ ಈ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಮನೆಯವರ ಪಾಲಿಗಂತೂ ಈ ವ್ಯತ್ಯಾಸ ದುಡ್ಡಿನದೇ ವ್ಯತ್ಯಾಸ. ಕರ್ನಾಟಕದಲ್ಲಿ ಸಜಾ ಬಂದಿಗಳಿಗೆ ಕೊಡುವ ದಿನಗೂಲಿಯನ್ನು ಕೆಲವು ವರ್ಷಗಳ ಹಿಂದೆ ಏರಿಸಿ, ಕೆಲಸದ ನೈಪುಣ್ಯಕ್ಕೆ ತಕ್ಕಂತೆ 524 ರೂಪಾಯಿಯಿಂದ 663 ರೂಪಾಯಿವರೆಗೆ ಮಾಡಿದರು. ಮೆಚ್ಚಬೇಕಾದ ಕೆಲಸ. ಶಿಕ್ಷೆಯಾದವನು ನೇಯ್ಗೆಯಲ್ಲೋ ಬೇಕರಿಯಲ್ಲೋ ದುಡಿದು ಮನೆಗೆ ನಾಲ್ಕು ಕಾಸು ಕಳಿಸಬಹುದು. ಶಿಕ್ಷೆಯೇ ಆಗದ ವಿಚಾರಣಾಧೀನನಿಗೆ ಸಾಮಾನ್ಯವಾಗಿ ಆ ದುಡಿಮೆಯೂ ಇಲ್ಲ, ಕೂಲಿಯೂ ಇಲ್ಲ. ಅಪರಾಧ ಸಾಬೀತಾದವನ ಮನೆಗೆ ಬರುವ ಹಣ ಸಾಬೀತಾಗದವನ ಮನೆಗೆ ಬರುವುದಿಲ್ಲ ಎಂಬುದನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಹಾಗಾಗಿದೆ.

ಈಗಿರುವ ಸ್ವಯಂಸೇವೆಯ ಕಡೆ ನೋಡಿದರೆ ಅದರಲ್ಲಿ ಎರಡು ಬಗೆ ಕಾಣುತ್ತದೆ. ಗಾಂಧಿ ಜಯಂತಿಗೆ ಹಣ್ಣು ಹಂಚುವುದು, ಆರೋಗ್ಯ ಶಿಬಿರ, ಪ್ರವಚನ, ಯೋಗ ಒಂದು ಬಗೆ. ಅದರಿಂದ ಕೆಡುಕೇನಿಲ್ಲ, ಒಂದು ದಿನದ ಬೇಸರ ಕಳೆಯುತ್ತದೆ. ಇನ್ನೊಂದು ಬಗೆ ತಿಂಗಳಾನುಗಟ್ಟಲೆ, ವರ್ಷಗಟ್ಟಲೆ ಬಿಡದೆ ಮಾಡುವುದು. ಮೈಸೂರಿನ ಓದುಗರಿಗೆ ಇದರ ಒಳ್ಳೆಯ ಉದಾಹರಣೆ ಹತ್ತಿರದಲ್ಲೇ ಇದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು 1990ರ ದಶಕದ ಕೊನೆಯಿಂದ ಬಳ್ಳಾರಿ, ಮೈಸೂರು ಮುಂತಾದ ಕಾರಾಗೃಹಗಳಲ್ಲಿ ಬಂದಿಗಳಿಗೆ ನಾಟಕ ಕಲಿಸಿ, ‘ಸಂಕಲ್ಪ’ ತಂಡದ ಮೂಲಕ ಅವರನ್ನು ಹೊರಗಿನ ರಂಗಮಂದಿರಗಳಲ್ಲೂ ನಿಲ್ಲಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನೂ, ಮ್ಯಾಕ್‌ಬೆತ್‌ನಿಂದ ಹುಟ್ಟಿದ ‘ಮಾರನಾಯಕ’ವನ್ನೂ ಕೊಲೆ ಕೇಸಿನಲ್ಲಿ ಶಿಕ್ಷೆ ಅನುಭವಿಸುತ್ತಿರುವವರು ಆಡಿದರು. ರಕ್ತದ ಕಲೆ ಹೋಗದ ಕೈಯ ಕಥೆಯನ್ನು ಅವರು ಅಭಿನಯಿಸುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ಕೆಲಸದ ಬಲ ಇದ್ದದ್ದು ತಾಲೀಮಿನಲ್ಲಿ. ಮಾತು ಬಾಯಿಪಾಠ ಮಾಡಿ, ತಪ್ಪಿದಾಗ ಮತ್ತೆ ಮೊದಲಿಂದ ಹೇಳಿ, ಪಕ್ಕದವನ ಸರದಿಗೆ ಕಾದು ನಿಲ್ಲುವ ಎಷ್ಟೋ ದಿನಗಳಲ್ಲಿ. ಬೆಂಗಳೂರಿನ ‘ಸೋಕೇರ್’ ಸಂಸ್ಥೆಯದೂ ಇದೇ ಬಗೆ. ರಿಸರ್ವ್ ಬ್ಯಾಂಕಿನಲ್ಲಿ ನೌಕರಿ ಮಾಡಿದ್ದ ಮಣಿ ಎಂಬವರು 1999ರಲ್ಲಿ ಶುರುಮಾಡಿದ ಅದು ಬಂದಿಗಳ ಮಕ್ಕಳನ್ನು ಇಟ್ಟುಕೊಂಡು ಓದಿಸುತ್ತದೆ. 1981ರಲ್ಲಿ ಕೇರಳದ ಕೊಟ್ಟಾಯಂ ಬಳಿ ಕ್ರೈಸ್ತ ಗುರುವಿದ್ಯಾರ್ಥಿಗಳ ನಡುವೆ ಹುಟ್ಟಿದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ, 1990ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಆರಂಭಿಸಿದ ‘ಪ್ರಯಾಸ್’, ಕಿರಣ್ ಬೇಡಿ 1994ರಲ್ಲಿ ಕಟ್ಟಿದ ಇಂಡಿಯಾ ವಿಷನ್ ಫೌಂಡೇಷನ್, ಇವುಗಳಲ್ಲಿ ಫಲ ಕಂಡದ್ದು ಒಬ್ಬರೇ ಮತ್ತೆ ಮತ್ತೆ ಹೋಗುತ್ತಿದ್ದ ಕಡೆ. ಆದರೆ ಇವೆಲ್ಲ ಇರುವುದು ದೊಡ್ಡ ಊರಿನಲ್ಲಿ, ದೊಡ್ಡ ಜೈಲಿನ ಸುತ್ತ. ಮೈಸೂರಿನ ಗೋಡೆಯೊಳಗಿನ ಬಂದಿಗೆ ನಾಟಕ ಸಿಗಬಹುದು. ಇಪ್ಪತ್ತು, ಮೂವತ್ತು ಮೈಲಿ ಆಚೆ ಅವನ ಮನೆಯವರ ಬಾಗಿಲಿಗೆ ಬರುವವರು ಸಾಲದ ಕಂತು ಕೇಳುವವರು ಮಾತ್ರ.

ಊರಿನವರೇ ಮಾಡಬಹುದಾದ, ಹೊರಗಿನವರು ಮಾಡಲಾಗದ ಮೊದಲ ಕೆಲಸ ಶ್ಯೂರಿಟಿ. ಜಾಮೀನು ಮಂಜೂರಾಗುವುದು ಒಂದು, ಬಂದಿ ಹೊರಗೆ ಬರುವುದು ಇನ್ನೊಂದು. ಈ ಎರಡರ ನಡುವೆ ಎಷ್ಟೋ ಬಡವರು ಸಿಕ್ಕಿಹಾಕಿಕೊಳ್ಳುತ್ತಾರೆ. ಕೋರ್ಟಿನಲ್ಲಿ ಶ್ಯೂರಿಟಿ ಕೊಡುವವರು ಆಧಾರ್, ಫೋಟೊ ತರಬೇಕು. ಜೊತೆಗೆ ನಮ್ಮ ಕಡೆ ಸಾಮಾನ್ಯವಾಗಿ ಪಹಣಿ ಕೇಳುತ್ತಾರೆ. ಜಮೀನೇ ಇಲ್ಲದವನಿಗೆ ಪಹಣಿ ಎಲ್ಲಿಂದ ಬರಬೇಕು? ಜಮೀನು ಇದ್ದರೂ ಪಹಣಿಯಲ್ಲಿ ತೀರಿಕೊಂಡ ತಾತನ ಹೆಸರೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರಲ್ಲಿ ಭಾಗ ಆಗದೆ ಜಂಟಿ ಖಾತೆಯಲ್ಲಿದ್ದರೆ ಒಬ್ಬ ಸಹಿಗೆ ಬಂದರೂ ಇನ್ನೊಬ್ಬ ಬರುವುದಿಲ್ಲ. ಹೀಗೆ ಕಂದಾಯ ಇಲಾಖೆಯ ಒಂದು ಹಳೆಯ ಕೆಲಸ ಬಾಕಿ ಉಳಿದದ್ದಕ್ಕೆ ಒಬ್ಬನ ಸೆರೆವಾಸ ಬೆಳೆಯುತ್ತದೆ. ಈ ಸಂಕಟ ಹೊಸದಲ್ಲ. 1978ರಲ್ಲಿ ಮೋತಿರಾಂ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದ್ದ ಮ್ಯಾಜಿಸ್ಟ್ರೇಟರು, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆ ಶ್ಯೂರಿಟಿಯನ್ನು ಒಪ್ಪಿರಲಿಲ್ಲ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ, ಬಡವನ ಕೈಗೆಟುಕದ ಜಾಮೀನು ಜಾಮೀನೇ ಅಲ್ಲ ಎಂಬ ನಿಲುವು ತಳೆದರು. ಸುಮಾರು 45 ವರ್ಷ ಕಳೆದ ಮೇಲೂ, 2023ರ ಜನವರಿ 31ರಂದು, ಅದೇ ನ್ಯಾಯಾಲಯ ಮತ್ತೆ ಸೂಚನೆ ಕೊಡಬೇಕಾಯಿತು. ಜಾಮೀನು ಆದೇಶವನ್ನು ಅವತ್ತೋ ಮಾರನೆಯ ದಿನವೋ ಜೈಲಿಗೆ ಇ-ಮೇಲ್ ಮಾಡಬೇಕು, ಏಳು ದಿನದಲ್ಲಿ ಬಂದಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಶ್ಯೂರಿಟಿ ಒದಗದಿದ್ದರೆ ಷರತ್ತನ್ನು ಸಡಿಲಿಸುವ ಬಗ್ಗೆ ಕೋರ್ಟೇ ಯೋಚಿಸಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಬಂದಿಗಳ ನೆರವಿಗೆಂದು ಯೋಜನೆ ತಂದಿತು. ಕೆಲವು ಬಗೆಯ ಕೇಸುಗಳನ್ನು ಬಿಟ್ಟು, ಜಾಮೀನಿಗೆ 40 ಸಾವಿರ ರೂಪಾಯಿವರೆಗೆ, ದಂಡ ಕಟ್ಟಲಾಗದೆ ಒಳಗೆ ಉಳಿದವರಿಗೆ 25 ಸಾವಿರದವರೆಗೆ ಕೊಡುವುದೆಂದು ಆಗ ಅದರಲ್ಲಿ ಗೊತ್ತುಮಾಡಿದ್ದರು. ಕಾನೂನು ಇಷ್ಟು ಮುಂದೆ ಬಂದಿದೆ. ಇದರ ಪ್ರತಿಯೊಂದು ಮೆಟ್ಟಿಲಲ್ಲೂ ಒಬ್ಬ ಮನುಷ್ಯ ಬೇಕು. ಅರ್ಜಿ ಬರೆಯುವವನು, ಆದೇಶದ ನಕಲು ತರುವವನು, ‘ಇವನು ನಮ್ಮ ಊರಿನವನು, ಓಡಿಹೋಗುವುದಿಲ್ಲ’ ಎಂದು ನಿಂತು ಹೇಳುವವನು.

ಹಾಗೆ ನಿಂತು ಹೇಳಿದ ಒಬ್ಬನಿಂದಲೇ ಒಂದು ಇಡೀ ವ್ಯವಸ್ಥೆ ಹುಟ್ಟಿದ್ದುಂಟು. 1841ರಲ್ಲಿ ಅಮೆರಿಕದ ಬಾಸ್ಟನ್ನಿನ ಜಾನ್ ಅಗಸ್ಟಸ್ ಎಂಬ ಚಮ್ಮಾರ ಕೋರ್ಟಿನಲ್ಲಿ ಒಬ್ಬ ಕುಡುಕನಿಗೆ ಜಾಮೀನಾಗಿ ನಿಂತು, ಕೆಲವು ವಾರಗಳ ನಂತರ ಅವನನ್ನು ಹದಕ್ಕೆ ತಂದು ಅದೇ ನ್ಯಾಯಾಧೀಶರ ಮುಂದೆ ಕರೆತಂದ. 1859ರಲ್ಲಿ ಸಾಯುವ ಹೊತ್ತಿಗೆ ಸುಮಾರು ಎರಡು ಸಾವಿರ ಜನರಿಗೆ ಅವನು ಹೊಣೆ ನಿಂತಿದ್ದ. ಇವತ್ತು ಪ್ರಪಂಚದ ಎಷ್ಟೋ ದೇಶಗಳಲ್ಲಿರುವ ಪರಿವೀಕ್ಷಣಾ ಪದ್ಧತಿಗೆ, ನಮ್ಮ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಕಲ್ಪನೆಗೂ, ಅವನನ್ನೇ ಮೂಲಪುರುಷ ಎನ್ನುತ್ತಾರೆ. ಯಾವ ಸಂಬಳವೂ ಇಲ್ಲದೆ, ಮೆಟ್ಟು ಹೊಲಿಯುವ ಅಂಗಡಿ ಬಿಟ್ಟು ಕೋರ್ಟಿಗೆ ಅಲೆದವನು ಅವನು.

ನಮ್ಮಲ್ಲಿ ಇಂಥ ಕೆಲಸಕ್ಕೆ ಹೆಸರೂ ಇದೆ, ಜಾಗವೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. 15100 ನಂಬರಿಗೆ ಫೋನ್ ಮಾಡಿದರೆ ಸಾಕು. ತಾಲ್ಲೂಕು ಮಟ್ಟದಲ್ಲಿ, ನಂಜನಗೂಡು, ತಿ. ನರಸೀಪುರದಲ್ಲೂ, ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 2009ರಿಂದ ಅರೆ ಕಾನೂನು ಸ್ವಯಂಸೇವಕರ ಯೋಜನೆ ನಡೆಯುತ್ತಿದೆ. ನಿವೃತ್ತ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಕಾಲೇಜು ಮುಗಿಸಿದ ಹುಡುಗ, ಸಂಘದ ಹೆಂಗಸು, ಯಾರು ಬೇಕಾದರೂ ತರಬೇತಿ ಪಡೆದು ಸೇರಬಹುದು. ದೀರ್ಘ ಶಿಕ್ಷೆಯಲ್ಲಿರುವ ಬಂದಿಗಳನ್ನೇ ಜೈಲಿನೊಳಗೆ ಇಂಥ ಸ್ವಯಂಸೇವಕರನ್ನಾಗಿ ಮಾಡುತ್ತಾರೆ. ಒಳಗಿರುವ ಒಬ್ಬ ಸ್ವಯಂಸೇವಕ, ಊರಿನಲ್ಲಿರುವ ಒಬ್ಬ ಸ್ವಯಂಸೇವಕಿ, ಇವರಿಬ್ಬರ ನಡುವೆ ಮಾತು ನಡೆದರೆ ಎಷ್ಟೋ ಗಂಟುಗಳು ಬಿಚ್ಚಿಕೊಳ್ಳುತ್ತವೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಅಪರಾಧ ಅಲ್ಲದಿದ್ದರೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಬೇರೆ ಕೇಸುಗಳು ಬಾಕಿ ಇದ್ದರೆ ಮಾತ್ರ ಅಡ್ಡಿ. ಹಳೆಯ ಕೇಸುಗಳಿಗೂ ಇದು ಅನ್ವಯಿಸುತ್ತದೆ ಎಂದು ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಲೆಕ್ಕ ಹಾಕಲು ಕಾನೂನು ಪದವಿ ಬೇಕಿಲ್ಲ. ಬಂಧನದ ತಾರೀಖು, ಎಫ್‌ಐಆರ್‌ನಲ್ಲಿರುವ ಕಲಮು, ಒಂದು ಕ್ಯಾಲೆಂಡರ್ ಸಾಕು. ಹೊರಗೆ ಒಬ್ಬರು ಗಮನ ಇಟ್ಟಿರದಿದ್ದರೆ ಏನಾಗಬಹುದು ಎಂಬುದಕ್ಕೆ ಮೈಸೂರು ನ್ಯಾಯಾಲಯದಲ್ಲೇ ಒಂದು ಕೇಸು ಇದೆ. ಹೆಂಡತಿಯನ್ನು ಕೊಂದ ಆರೋಪದಲ್ಲಿ ಕೊಡಗಿನ ಒಬ್ಬ ಕೂಲಿ ಕಾರ್ಮಿಕ ಸುಮಾರು ಎರಡು ವರ್ಷ ಸೆರೆಯಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆಕೆ ಜೀವಂತವಾಗಿ ಸಿಕ್ಕಳು. ಆಕೆಯನ್ನು ಕೋರ್ಟಿಗೆ ಹಾಜರುಪಡಿಸಿದರು, ಆತ ಖುಲಾಸೆಯಾದ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ಆ ಎರಡು ವರ್ಷ ಅವನ ಮಕ್ಕಳು ಊರಿನಲ್ಲಿ ಏನೆಂದು ಕರೆಸಿಕೊಂಡಿರಬೇಕು ಎಂದು ಯೋಚಿಸಿದರೆ ಆ ಲಕ್ಷ ಬಲು ಸಣ್ಣ ಮೊತ್ತವಾಗಿ ಕಾಣುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ಕಾನೂನು ಜೈಲಿನೊಳಗಿರುವ ಮಕ್ಕಳನ್ನು ಎಣಿಸಿದೆ, ಹೊರಗಿರುವವರನ್ನು ಎಣಿಸಿಲ್ಲ. 2022ರಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳು ಒಳಗಿದ್ದರು. 2006ರ ಆರ್. ಡಿ. ಉಪಾಧ್ಯಾಯ ತೀರ್ಪಿನಂತೆ ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು, ಹಾಲು, ಶಿಶುವಿಹಾರ ಒದಗಿಸಬೇಕು. ಐದೂಮುಕ್ಕಾಲು ಲಕ್ಷ ಬಂದಿಗಳ ಮನೆಗಳಲ್ಲಿ ಉಳಿದ ಮಕ್ಕಳಿಗೆ ಅಂಥ ಲೆಕ್ಕವಿಲ್ಲ. ಅಪ್ಪ ಎಲ್ಲಿ ಅಂದರೆ ‘ಬೆಂಗಳೂರಿಗೆ ಕೆಲಸಕ್ಕೆ ಹೋಗಿದಾನೆ’ ಎಂದು ಹೇಳಿಕೊಟ್ಟ ಮಾತನ್ನು ಹೇಳುವ ಮಗು ಎಲ್ಲ ಊರಲ್ಲೂ ಸಿಗುತ್ತದೆ. ಊರಿಗೆ ನಿಜ ಗೊತ್ತಿರುತ್ತದೆ, ಊರಿಗೆ ಗೊತ್ತಿದೆ ಎಂದು ಮಗುವಿಗೂ ಗೊತ್ತಿರುತ್ತದೆ. ಎಂಟನೆಯ ಕ್ಲಾಸಿನ ಹುಡುಗ ಸ್ಕೂಲು ಬಿಟ್ಟು ಗ್ಯಾರೇಜಿಗೆ ಸೇರುವುದು, ಹದಿನಾರರ ಹುಡುಗಿಗೆ ‘ಮರ್ಯಾದೆ ಉಳಿಯಲಿ’ ಎಂದು ಗಂಡು ಹುಡುಕುವುದು ಇಂಥ ಮನೆಗಳಲ್ಲಿ ಬೇಗ ಆಗುತ್ತದೆ. ತಡೆಯಬಲ್ಲವರು ಊರಿನ ಮೇಷ್ಟ್ರು, ಆಶಾ ಕಾರ್ಯಕರ್ತೆ, ಪಂಚಾಯ್ತಿ ಸದಸ್ಯೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಕರೆದೊಯ್ಯುವುದು, ಹಾಸ್ಟೆಲ್ಲಿಗೆ ಅರ್ಜಿ ಹಾಕಿಸುವುದು, ಪಡಿತರ ಚೀಟಿಯಲ್ಲಿ ಹೆಸರು ಸರಿಮಾಡಿಸುವುದು ಅವರಿಗೆ ಗೊತ್ತಿರುವ ಕೆಲಸಗಳೇ. ಇದರ ಜೊತೆಗೆ ಸಾಲ. ಗಂಡನ ದುಡಿಮೆ ನಂಬಿ ತೆಗೆದ ಸಂಘದ ಸಾಲದ ವಾರದ ಕಂತು ಗಂಡ ಜೈಲಿಗೆ ಹೋದನೆಂದು ನಿಲ್ಲುವುದಿಲ್ಲ. ಕಿರುಸಾಲದ ಕಾಟಕ್ಕೆ ನಂಜನಗೂಡು ತಾಲ್ಲೂಕಿನಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ರಾಜ್ಯಕ್ಕೆಲ್ಲ ತಿಳಿದು, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದರ ರಕ್ಷಣೆ ತನಗೂ ಇದೆ ಎಂದು ಬಂದಿಯ ಹೆಂಡತಿಗೆ ಯಾರಾದರೂ ಹೇಳಬೇಕಲ್ಲ.

ಇಷ್ಟು ಹೇಳಿದಾಗ ಮೊದಲು ಬರುವ ಆಕ್ಷೇಪ, ಬರಲೇಬೇಕಾದ ಆಕ್ಷೇಪ: ಸತ್ತವರ ಮನೆಯವರ ಗತಿ ಏನು? ಕೊಂದವನ ಮನೆಗೆ ಅಕ್ಕಿ ಹೊತ್ತು ಹೋಗುವವರು ಸತ್ತವನ ಮನೆಯ ಮುಂದೆ ಹೇಗೆ ಹಾದುಹೋಗುತ್ತಾರೆ? ಈ ಸೀಮೆಯಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಅಂಥ ಕೇಸಿನಲ್ಲಿ ಊರಿನ ಬಲವಂತರು ಆರೋಪಿಗಳಿಗೆ ದುಡ್ಡು ಕೂಡಿಸುವುದು, ಸಾಕ್ಷಿಗಳನ್ನು ಹೆದರಿಸುವುದು ಸೇವೆಯಲ್ಲ, ಅನ್ಯಾಯದ ಮುಂದುವರಿಕೆ. ಆದ್ದರಿಂದ ಗೆರೆ ಸ್ಪಷ್ಟವಾಗಿರಬೇಕು. ಕೇಸಿನ ಸತ್ಯದ ತಂಟೆಗೆ ಸ್ವಯಂಸೇವಕ ಹೋಗಬಾರದು, ಸಾಕ್ಷಿಯ ಬಾಗಿಲು ತಟ್ಟಬಾರದು, ರಾಜಿಯ ಮಾತು ಆಡಬಾರದು. ಅತ್ಯಾಚಾರ, ಜಾತಿ ದೌರ್ಜನ್ಯದ ಕೇಸುಗಳಲ್ಲಿ ನೊಂದವರ ಮನೆಗೇ ಮೊದಲು ಹೋಗಬೇಕು. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮು ಕೊಟ್ಟಿರುವ ರಕ್ಷಣೆ, ಸಂತ್ರಸ್ತರ ಪರಿಹಾರ ಯೋಜನೆಯ ಹಣ ಅವರಿಗೆ ತಲುಪುವಂತೆ ಓಡಾಡಬೇಕು. ಆ ಪರಿಹಾರದ ಅರ್ಜಿ ಹೋಗುವುದೂ ಅದೇ ಕಾನೂನು ಸೇವಾ ಪ್ರಾಧಿಕಾರಕ್ಕೆ. ಒಂದೇ ಕಚೇರಿ ಎರಡೂ ಮನೆಗಳ ಹೊಣೆ ಹೊತ್ತಿರುವಾಗ ಊರಿನ ಒಳ್ಳೆಯ ಜನಕ್ಕೆ ಅದು ಆಗದ ಕೆಲಸವೇನಲ್ಲ, ಎರಡು ಮನೆಗೂ ಒಬ್ಬರೇ ಹೋಗಬಾರದು ಅಷ್ಟೆ. ಇನ್ನು ಆರೋಪಿಯ ಮಕ್ಕಳ ಹೊಟ್ಟೆ. ಅದನ್ನು ಒಣಗಿಸಿದರೆ ಸತ್ತವರ ಮನೆಗೆ ಏನು ಬಂದಂತಾಯಿತು? ನೋವಿನಲ್ಲಿರುವವರು ಈ ಪ್ರಶ್ನೆಗೆ ಸಿಟ್ಟಾಗಬಹುದು. ಆ ಸಿಟ್ಟನ್ನು ಗೌರವಿಸಿಯೂ ಮಗುವಿಗೆ ಉಣ್ಣಲು ಕೊಡಬಹುದು.

ಇದೆಲ್ಲ ಸರ್ಕಾರದ ಕೆಲಸ, ಸ್ವಯಂಸೇವಕರು ನುಗ್ಗಿದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎನ್ನುವವರ ಮಾತಿನಲ್ಲೂ ಹುರುಳಿದೆ. 1980ರ ದಶಕದ ನ್ಯಾಯಮೂರ್ತಿ ಮುಲ್ಲಾ ಸಮಿತಿಯಿಂದ ಹಿಡಿದು ಜೈಲು ಸುಧಾರಣೆಯ ವರದಿಗಳು ಸಾಲುಸಾಲಾಗಿ ಬಂದಿವೆ, ಜಾರಿಯಾದದ್ದು ಕಡಿಮೆ. ಆದರೆ ಮೇಲೆ ಹೇಳಿದ ಯಾವ ಕೆಲಸವೂ ಸರ್ಕಾರದ ಕೆಲಸವನ್ನು ಕಿತ್ತುಕೊಳ್ಳುವುದಲ್ಲ, ಸರ್ಕಾರ ಕೊಡಬೇಕಾದ್ದನ್ನು ಕೇಳಿ ಪಡೆಯುವುದು. ಕೇಳುವವರೇ ಇಲ್ಲದ ಯೋಜನೆ ಕಡತದಲ್ಲಿ ಮಲಗುತ್ತದೆ. ಕಾರಾಗೃಹಗಳಿಗೆ ಅಧಿಕಾರೇತರ ಸಂದರ್ಶಕರನ್ನು ನೇಮಿಸುವ ನಿಯಮ ಬ್ರಿಟಿಷರ ಕಾಲದಿಂದಲೂ ಇದೆ. ಹೊರಗಿನ ಕಣ್ಣು ಒಳಗೆ ಬೀಳಲಿ ಎಂದೇ ಅದನ್ನು ಮಾಡಿದ್ದು. ಆ ಕಣ್ಣು ಎಷ್ಟು ಬೇಕು ಎಂಬುದನ್ನು 2024ರ ಡಿಸೆಂಬರ್ ಕೊನೆಯಲ್ಲಿ ಮೈಸೂರು ಕಾರಾಗೃಹದಲ್ಲಿ ನಡೆದದ್ದು ತೋರಿಸಿತು. ಕೇಕಿಗೆ ಹಾಕುವ ಎಸೆನ್ಸ್ ಕುಡಿದ ಮೂವರು ಬಂದಿಗಳು ಜನವರಿಯಲ್ಲಿ ಆಸ್ಪತ್ರೆಯಲ್ಲಿ ಸತ್ತರು. ನಶೆಗಾಗಿ ಎಸೆನ್ಸ್ ಕುಡಿಯುವ ಮಟ್ಟಕ್ಕೆ ಹೋದ ಮನಸ್ಸಿನ ಜೊತೆ ವಾರಕ್ಕೊಮ್ಮೆ ಕೂತು ಮಾತಾಡುವವರು ಇದ್ದಿದ್ದರೆ ಎಂದು ಆ ಮನೆಯವರಿಗೆ ಅನ್ನಿಸದಿರುತ್ತದೆಯೇ?

ಭಯದ ಮಾತನ್ನು ತೇಲಿಸಿಬಿಡಲಾಗದು. ಜಪಾನಿನಲ್ಲಿ ಸುಮಾರು 47 ಸಾವಿರ ಸಾಮಾನ್ಯ ಜನ, ಬಹುಪಾಲು ವಯಸ್ಸಾದವರು, ‘ಹೊಗೋಶಿ’ಗಳೆಂಬ ಹೆಸರಿನಲ್ಲಿ ಸಂಬಳವಿಲ್ಲದೆ ಬಿಡುಗಡೆಯಾದವರ ಮೇಲ್ವಿಚಾರಣೆ ಮಾಡುತ್ತಾರೆ. 1950ರಲ್ಲೇ ಇದಕ್ಕೆ ಕಾನೂನು ಬಂದಿದೆ. ಎಷ್ಟೋ ಜನ ತಮ್ಮ ಮನೆಗೇ ಕರೆದು ಟೀ ಕೊಟ್ಟು ಮಾತಾಡುತ್ತಾರೆ. 2024ರ ಮೇ ತಿಂಗಳಲ್ಲಿ ಓತ್ಸು ನಗರದ ಒಬ್ಬ ಹೊಗೋಶಿ ತಮ್ಮ ಮನೆಯಲ್ಲಿ ಕೊಲೆಯಾದರು. ತಾವೇ ನೋಡಿಕೊಳ್ಳುತ್ತಿದ್ದವನ ಮೇಲೆಯೇ ಆರೋಪ ಬಂತು. ಜಪಾನು ಪದ್ಧತಿಯನ್ನು ನಿಲ್ಲಿಸಲಿಲ್ಲ, ಮನೆಯ ಬದಲು ಸಾರ್ವಜನಿಕ ಜಾಗದಲ್ಲಿ ಭೇಟಿ, ಒಬ್ಬರ ಬದಲು ಇಬ್ಬರು ಎಂಬ ಕಡೆಗೆ ಯೋಚಿಸಿತು. ನಮಗೂ ಅದೇ ದಾರಿ. ಶ್ಯೂರಿಟಿಯ ವಿಷಯದಲ್ಲೂ ಕಣ್ಣು ಮುಚ್ಚಿ ಸಹಿ ಹಾಕು ಎಂದು ಯಾರಿಗೂ ಹೇಳಬಾರದು. ಆರೋಪಿ ವಾಯಿದೆಗೆ ಬರದಿದ್ದರೆ ಬಾಂಡಿನ ದುಡ್ಡು ಶ್ಯೂರಿಟಿದಾರನ ತಲೆಗೆ ಬರುತ್ತದೆ. ಹಿಂದೆ ಎಷ್ಟು ಜನಕ್ಕೆ ಜಾಮೀನು ನಿಂತಿದ್ದೇನೆಂದು ಅವನು ಕೋರ್ಟಿಗೆ ಲೆಕ್ಕ ಕೊಡಬೇಕು. ಕಾಸಿಗೆ ನಿಲ್ಲುವ ಬಾಡಿಗೆ ಶ್ಯೂರಿಟಿಗಳ ದಂಧೆ ಬೆಳೆದಿರುವುದು ಊರಿನವರು ಹಿಂದೆ ಸರಿದ ಜಾಗದಲ್ಲಿ. ಗುರುತಿರುವವನು ನಿಂತರೆ ಆರೋಪಿ ವಾಯಿದೆಗೆ ಬರುವ ಸಾಧ್ಯತೆಯೇ ಹೆಚ್ಚು, ಯಾಕೆಂದರೆ ಬೆಳಿಗ್ಗೆ ಎದ್ದು ಅವನ ಮುಖ ನೋಡಬೇಕು. ಇನ್ನೊಂದು ಎಚ್ಚರ: ನೆರವಿನ ಜೊತೆ ಉಪದೇಶ ಕಟ್ಟಿಕೊಡಬಾರದು, ಯಾವ ಧರ್ಮದ್ದೇ ಆಗಲಿ. ಗೋಡೆಯೊಳಗಿರುವವನು ಎದ್ದು ಹೋಗಲಾರ.

ಮನೆಯ ಕೆಲಸ ಮುಖ್ಯ ಎನ್ನುವುದಕ್ಕೆ ಕೊನೆಯ ಕಾರಣ ಪೆರೋಲ್. ಸಜಾ ಬಂದಿ ತಾಯಿಯ ಕಾಯಿಲೆಗೋ ಮಗಳ ಮದುವೆಗೋ ಪೆರೋಲ್ ಕೇಳಿದರೆ ಪೊಲೀಸರು ಊರಿಗೆ ಬಂದು ವಿಚಾರಿಸಿ ವರದಿ ಕೊಡಬೇಕು. ‘ಅವನು ಬಂದರೆ ಗಲಾಟೆ ಆಗುತ್ತದೆ’ ಎಂದು ಊರು ಹೇಳಿದರೆ ಅರ್ಜಿ ಅಲ್ಲಿಗೆ ಮುಗಿಯಿತು. ಕೆಲವು ಸಲ ಆ ಮಾತು ನಿಜ, ನೊಂದವರ ಕಡೆಯಿಂದ ಬಂದಿದ್ದರೆ ಅದಕ್ಕೆ ಬೆಲೆ ಕೊಡಲೇಬೇಕು. ಎಷ್ಟೋ ಸಲ ಅದು ಬರೀ ಉದಾಸೀನ: ಹತ್ತು ವರ್ಷದಿಂದ ಆ ಮನೆಗೆ ಯಾರೂ ಹೋಗಿಲ್ಲ, ಅವನು ಹೇಗಿದ್ದಾನೆ ಗೊತ್ತಿಲ್ಲ, ಆದ್ದರಿಂದ ಬೇಡ. ವಾರಕ್ಕೊಮ್ಮೆ ಆ ಮನೆಯ ಜಗುಲಿಯಲ್ಲಿ ಕೂತು ಎದ್ದವರೊಬ್ಬರು ಊರಿನಲ್ಲಿದ್ದರೆ, ಪೊಲೀಸ್ ಪೇದೆ ಬಂದು ಕೇಳಿದ ದಿನ ಹೇಳಲು ಅವರ ಹತ್ತಿರ ಏನಾದರೂ ಇರುತ್ತದೆ.